ಪಡಸಾಲೆ ಗೋಡೆಯ ಬಿಳಿಮಣ್ಣು

ಜಹೀರಾಬಾದ್
೯ ಮಾರ್ಚ್ ೧೯೩೭

ನನ್ನ ಮುದ್ದು ಭೂದೇವಿಗೆ ಕಾಂತಾಳ ಸಾವಿರ ನೆನಪುಗಳು.

ನಿನ್ನ ಎರಡು ಪತ್ರಗಳು ಬಂದು ಸೇರಿವೆ. ಎರಡಕ್ಕೂ ಉತ್ತರ ಬರೆಯದ ಪಾಪಿ ನಾನು. ಮೊದಲು ಬೈದುಬಿಡು, ಆಮೇಲೆ ಕ್ಷಮಿಸು. ಮದುವೆಯಾಗಿ ಮೂವತ್ತೆರಡು ದಿನ ಆಯಿತು. ಕೈ ಖಾಲಿ ಇದ್ದ ದಿನ ತಲೆ ಖಾಲಿ ಇರಲಿಲ್ಲ, ತಲೆ ಖಾಲಿ ಇದ್ದ ದಿನ ಕೈಯಲ್ಲಿ ಲಟ್ಟಣಿಗೆ ಇತ್ತು. ಬೋರ್ಡಿಂಗಿನಲ್ಲಿ ಮೇಡಂ ಓದಬಾರದೆಂದು ನಾವಿಬ್ಬರೂ ಚೀಟಿಗಳನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆವಲ್ಲ, ಆ ರೂಢಿ ಮುಂದುವರಿಯಲಿ. ನಮ್ಮವರಿಗೆ ಕನ್ನಡ ಮನೆಮಾತು, ಆದರೆ ಓದಲು ಬರುವುದಿಲ್ಲ. ಶಾಲೆಯಿಂದ ಕಾಲೇಜಿನವರೆಗೆ, ವಿಜ್ಞಾನವನ್ನೂ ಸೇರಿಸಿ, ಎಲ್ಲವನ್ನೂ ಉರ್ದುವಿನಲ್ಲೇ ಓದಿದವರು.

ಗಂಡನ ಹೆಸರು ಹೇಳಬಾರದಂತೆ. ಬರೆಯಬಾರದೆಂದು ಯಾರೂ ಹೇಳಿಲ್ಲ. ಶಿವಶಂಕರಪ್ಪ. ಇನ್ನೊಮ್ಮೆ ಬರೆಯಲೇ? ಶಿವಶಂಕರಪ್ಪ. ಸರ್ಕಾರದ ಖನಿಜ ದಫ್ತರದಲ್ಲಿ ಕೆಲಸ. ಐದು ವರ್ಷದಿಂದ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ನಡುವೆ ಸುತ್ತಿಗೆ ಹಿಡಿದು ನಡೆದಿದ್ದಾರೆ. ಮನೆಯಲ್ಲಿ ನನ್ನ ಸೀರೆಗಳಿಗಿಂತ ಅವರ ಕಲ್ಲುಗಳಿಗೇ ಹೆಚ್ಚು ಪೆಟ್ಟಿಗೆಗಳಿವೆ. ಒಂದೊಂದೂ ಕಾಗದದ ಪೊಟ್ಟಣದಲ್ಲಿ. ಒಂದೊಂದಕ್ಕೂ ಚೀಟಿ: ನಂಬರು, ಊರು, ತಾರೀಖು, ಹೇಗೆ ಸಿಕ್ಕಿತು, ಯಾರಿಂದ ಸಿಕ್ಕಿತು. ಮೊನ್ನೆ ರೊಟ್ಟಿ ಬಡಿಯುತ್ತಿದ್ದೆ. ಮೂರು ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ನನಗೆ ಪಾಠ ಹೇಳಿದರು. "ಎಲ್ಲಾಕಿಂತ ತಳಗ ತಾಂಡೂರಿನ ಪರಸಿ ಕಲ್ಲು. ಅದರ ಮ್ಯಾಲ ನಿಮ್ಮ ನಾರಾಯಣಖೇಡದ ಕರೀ ಕಲ್ಲು. ಮ್ಯಾಲಿಂದು ನಮ್ಮ ಜಹೀರಾಬಾದಿನ ಕೆಂಪು ಕಲ್ಲು. ತಿಳೀತೇನು?" ತಿಳಿಯಿತು ಎಂದೆ. ಕೆಂಪು ಕಲ್ಲಿಗೆ ಬೆಣ್ಣೆ ಹಚ್ಚಿಕೊಂಡು ತಿಂದುಬಿಟ್ಟರು.

ಇವರು ನನ್ನನ್ನು ನೋಡಲು ಬಂದ ಕಥೆ ನಿನಗೆ ಹೇಳಿಯೇ ಇಲ್ಲ. ನನಗೆ ಗಂಡು ನೋಡಿ ಎಂದು ಅಪ್ಪ ಯಾರಿಗೂ ಹೇಳಿಕಳಿಸಿರಲಿಲ್ಲ. ನಾನಿನ್ನೂ ಬೋರ್ಡಿಂಗಿನಲ್ಲಿದ್ದೆ. ಇವರೇ ತಮ್ಮ ಸೋದರಮಾವನನ್ನು ಕಳಿಸಿ ಕೇಳಿದರು. ದಸರೆಯ ಮುಂಚೆ ಸರ್ವೆಗೆಂದು ನಾರಾಯಣಖೇಡಕ್ಕೆ ಬಂದಾಗ ನಮ್ಮ ಪಡಸಾಲೆಯಲ್ಲಿ ಕೂತು ನೀರು ಕುಡಿದು ಹೋಗಿದ್ದರಂತೆ, ಅಷ್ಟೇ ಪರಿಚಯ. ಮಾಣಿಕಪ್ಪನ ಮಗಳಿಗೆ ಇಂಗ್ಲಿಷ್ ಬರುತ್ತದೆಂದು ಯಾರೋ ಕಿವಿಗೆ ಹಾಕಿರಬೇಕು. ಕಾಣದ ಹುಡುಗಿಯನ್ನು ಬಯಸಿ ಕೇಳಿದ ಗಂಡು, ಭೂದೇವಿ. ನಾವು ಬೋರ್ಡಿಂಗಿನಲ್ಲಿ ಕದ್ದು ಓದುತ್ತಿದ್ದ ಕಾದಂಬರಿಗಳಲ್ಲಿ ಅಲ್ಲದೆ ಇನ್ನೆಲ್ಲಿ ಇದ್ದಾನು?

ನವೆಂಬರ್ ಹದಿನಾಲ್ಕಕ್ಕೆ ಬಂದರು. ನಾನು ಚುರುಮುರಿ ಸುಸಲಾದ ತಟ್ಟೆ ಇಟ್ಟು ಗೋಡೆಗೆ ಒತ್ತಿ ನಿಂತೆ. ಇವರ ಕಣ್ಣು ನನ್ನ ಮೇಲಿರಲಿಲ್ಲ, ಗೋಡೆಯ ಮೇಲಿತ್ತು. ನಾಚಿಕೆ ಇರಬೇಕು ಅಂದುಕೊಂಡೆ. ಆಮೇಲೆ ನೋಡುತ್ತೇನೆ, ಉಗುರಿನಿಂದ ಗೋಡೆ ಕೆರೆದು ಪುಡಿಯನ್ನು ತಟ್ಟೆಯ ಅಂಚಿಗೆ ಉದುರಿಸಿಕೊಂಡು ಅದರ ಮೇಲೆ ನಿಂಬೆಹೋಳು ಹಿಂಡುತ್ತಿದ್ದಾರೆ. ಬಗ್ಗಿ ನೋಡುತ್ತಿದ್ದಾರೆ. ಸುಣ್ಣವಾದರೆ ಗುಳ್ಳೆ ಏಳಬೇಕಂತೆ, ಏಳಲಿಲ್ಲ. ನನ್ನ ಅಜ್ಜಿ ಗುರುಲಿಂಗಮ್ಮ, ನಮ್ಮ ಆಯಿ, ನಿನಗೆ ಗೊತ್ತಲ್ಲ, ಒಳಗಿನಿಂದಲೇ ಕೇಳಿದಳು: "ಹುಡುಗಿ ನೋಡಾಕ ಬಂದಾನೋ, ಗ್ವಾಡಿ ನೋಡಾಕ ಬಂದಾನೋ, ಕೇಳ್ರಿ."

ಎಲ್ಲರೂ ನಕ್ಕರು. ಇವರು ಕಿವಿಯವರೆಗೂ ಕೆಂಪಾಗಿ, "ಎರಡೂ ಛಲೋ ಅದಾವ್ರಿ" ಅಂದರು.

ಆ ಒಂದು ಮಾತಿಗೆ ನಾನು ಇವರವಳಾದೆ. ಉಳಿದದ್ದೆಲ್ಲ ಬರೀ ಶಾಸ್ತ್ರ.

ಈಗ ನನಗೂ ಒಂದು ಕೆಲಸ ಸಿಕ್ಕಿದೆ. ದಫ್ತರದ ದೊಡ್ಡ ಸಾಹೇಬರಿಗೆ ವರದಿಗಳು ಇಂಗ್ಲಿಷಿನಲ್ಲಿ ಹೋಗಬೇಕು. ಇವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಹಾಗೆಯೇ ಇವರಿಂದ ಉರ್ದು ಅಕ್ಷರ ಕಲಿಯುತ್ತಿದ್ದೇನೆ. ಇವರ ಟಿಪ್ಪಣಿಗಳನ್ನು ನಾನೇ ಓದಿಕೊಂಡು ಬರೆದರೆ ಇವರಿಗೆ ಸಂಜೆ ಸ್ವಲ್ಪ ವಿಶ್ರಾಂತಿ. ಗಂಡನ ಕೈಬರಹ ಓದಲಿಕ್ಕೆಂದೇ ಒಂದು ಲಿಪಿ ಕಲಿತ ಹೆಂಡತಿ ನನ್ನ ಹೊರತು ಇದ್ದಾಳೆಯೇ ಹೇಳು.

ನಿನ್ನ ಡಾಕ್ಟರಿ ಪರೀಕ್ಷೆಗಳು ಚೆನ್ನಾಗಿ ಆಗಲಿ. ನನ್ನಷ್ಟೇ ಸುಖ ನಿನಗೂ ಸಿಗಲಿ.

ನಿನ್ನ,
ಕಾಂತಾ


ಜಹೀರಾಬಾದ್
೨೮ ಏಪ್ರಿಲ್ ೧೯೩೭

ಪ್ರೀತಿಯ ಭೂದೇವಿ,

ಈ ಸಲವೂ ತಡವಾಯಿತು, ಆದರೆ ಸೋಮಾರಿತನದಿಂದಲ್ಲ. ಎರಡು ಸಲ ಶುರುಮಾಡಿ ಹರಿದುಹಾಕಿದೆ. ನೀನು ಪರೀಕ್ಷೆಯಲ್ಲಿ ಗೆದ್ದದ್ದು ಕೇಳಿ ಎಷ್ಟು ಕುಣಿದೆನೆಂದರೆ ಇವರ ಒಂದು ಕಲ್ಲಿನ ಪೆಟ್ಟಿಗೆ ಕಾಲಿಗೆ ಬಡಿದು ಉಗುರು ಕಪ್ಪಾಗಿದೆ.

ಯುಗಾದಿಗೆ ತವರಿಗೆ ಹೋಗಿದ್ದೆ. ನಮ್ಮ ಕಡೆ ಒಂದು ಪದ್ಧತಿ ಇದೆ, ನನಗೂ ಈಗಲೇ ಗೊತ್ತಾದದ್ದು. ಮದುವೆಯಾದ ಮೇಲಿನ ಮೊದಲ ಯುಗಾದಿಗೆ ಮಗಳು ತವರಿಗೆ ಬಂದು, ಬಿಳಿಮಣ್ಣು ತೋಡುವ ಕುಣಿಗೆ ತಾನೇ ಹೋಗಿ, ಮೊದಲ ಬುಟ್ಟಿ ಮಣ್ಣನ್ನು ತಲೆಯ ಮೇಲೆ ಹೊತ್ತು ತರಬೇಕು. ಒಲೆಯ ಹಿಂದಿನ ಗೋಡೆಯನ್ನು ಅದರಿಂದ ಬಳಿದು, ಹಸಿ ಇರುವಾಗಲೇ ಕೈಯೊತ್ತಬೇಕು. ದಸರೆಗೆ ಇನ್ನೊಂದು ಪದರ ಬಳಿದಾಗ ಆ ಕೈಗುರುತು ಒಳಗೆ ಹೋಗುತ್ತದೆ. ಆಯಿಯ ಕೈ, ಅವ್ವನ ಕೈ, ಅತ್ತೆಯರ ಕೈ, ಎಲ್ಲವೂ ಆ ಗೋಡೆಯೊಳಗೆ ಇವೆಯಂತೆ.

ಕುಣಿಯ ದಾರಿ ಬಲ್ಲವಳು ಸಾಯಮ್ಮ. ಊರ ಹೊರಗಿನ ಕೇರಿಯವಳು. ಅವಳ ತಾಯಿಯೂ ಇದೇ ಕೆಲಸ ಮಾಡಿದವಳು. ಊರಿನ ಮನೆಮನೆಗೆ ಮಣ್ಣು ಹೊತ್ತು ಹಾಕಿ, ಸುಗ್ಗಿಯಲ್ಲಿ ಜೋಳ ಪಡೆಯುತ್ತಾಳೆ. ಅವಳು ತಂದ ಮಣ್ಣು ನಮ್ಮ ಒಲೆಯ ಹಿಂದಿನವರೆಗೆ ಹೋಗುತ್ತದೆ, ಅವಳು ಮಾತ್ರ ಅಂಗಳದಲ್ಲೇ ನಿಲ್ಲುತ್ತಾಳೆ. ಇದು ನನ್ನ ಕಣ್ಣಿಗೆ ಬಿದ್ದದ್ದೂ ಈ ಸಲವೇ.

ಕಲ್ಹೇರ್ ಕಡೆಯ ಹಳ್ಳ ದಾಟಿ ಬೋರೆಗುಡ್ಡದ ಹಿಂದೆ ಇಳಿದರೆ ಕುಣಿಯ ಸಣ್ಣ ಬಾಯಿ. ಒಳಗೆ ಹಾಲಿನಂಥ ಮಣ್ಣು. ಒಬ್ಬ ಗಂಡಸೂ ಆ ಜಾಗ ನೋಡಿದವನಲ್ಲ. ಸಾಯಮ್ಮ ನನ್ನ ಎರಡೂ ಅಂಗೈಗೆ ಮಣ್ಣು ಮೆತ್ತಿ ಹೇಳಿದಳು: "ಸಣ್ಣವ್ವಾರೆ, ಈ ದಾರಿ ಗಂಡಸರ ಕಿವಿಗಿ ಹಾಕಾಂಗಿಲ್ರಿ. ನಿಮ್ಮ ಗಂಡಗೂ ಇಲ್ಲ."

"ಯಾಕ ಸಾಯಮ್ಮ?"

"ಗಂಡಸರು ಬಂದ್ರ ಅಳೀತಾರ್ರಿ. ಅಳದ ಮ್ಯಾಲ ಅದು ನಮ್ದು ಉಳಿಯಾಂಗಿಲ್ಲ."

ನಾನು ನಕ್ಕು ಮಾತು ಕೊಟ್ಟೆ.

ಬಾಯಿಯ ಪಕ್ಕದಲ್ಲಿ ತಲೆಯಷ್ಟು ದಪ್ಪದ ಗುಂಡುಕಲ್ಲುಗಳ ರಾಶಿ ಬಿದ್ದಿತ್ತು. ಮಣ್ಣು ತೋಡುವಾಗ ಅಡ್ಡ ಬಂದವನ್ನು ಹೆಂಗಸರು ಹೊರಗೆ ಎಸೆಯುತ್ತಾರಂತೆ, ಎಷ್ಟೋ ತಲೆಮಾರಿನಿಂದ. ಒಂದು ಒಡೆದಿತ್ತು. ಒಳಗೆ ನೇರಳೆ ಬಣ್ಣದ ಹರಳುಗಳು, ದಾಳಿಂಬೆ ಬಿಚ್ಚಿದ ಹಾಗೆ. ಇವರಿಗೊಂದು ಉಡುಗೊರೆ ಆಯಿತೆಂದು ಸೆರಗಿನಲ್ಲಿ ಕಟ್ಟಿಕೊಂಡೆ. ನಾನು ಮಾತು ಕೊಟ್ಟದ್ದು ಮಣ್ಣಿನ ವಿಷಯಕ್ಕೆ. ಕಲ್ಲಿನ ವಿಷಯ ಯಾರೂ ಕೇಳಿರಲಿಲ್ಲ. ನೋಡು, ಬೋರ್ಡಿಂಗಿನಲ್ಲಿ ಕಲಿತ ಜಾಣತನ.

ಕಲ್ಲು ಕೊಟ್ಟಾಗ ಇವರ ಮುಖ ಹೇಗೆ ಅರಳುತ್ತದೋ ಎಂದು ಕಾದೆ. ಇವರು ನೇರಳೆಯನ್ನು ನೋಡಲೇ ಇಲ್ಲ. ಕಲ್ಲಿನ ಸಂದಿಯಲ್ಲಿ ಹತ್ತಿದ್ದ ಬಿಳಿಮಣ್ಣನ್ನು ಚೂರಿಯ ತುದಿಯಿಂದ ತೆಗೆದು, ಟ್ರಂಕಿನಿಂದ ಒಂದು ಹಳೆಯ ಪೊಟ್ಟಣ ಹೊರತೆಗೆದು, ಎರಡನ್ನೂ ಭೂತಗನ್ನಡಿಯ ಕೆಳಗೆ ಪಕ್ಕಪಕ್ಕ ಇಟ್ಟು ನೋಡಿದರು. ಆ ದಿನ ಊಟದಲ್ಲಿ ಒಂದು ಮಾತೂ ಆಡಲಿಲ್ಲ. ಮರುದಿನದಿಂದ ಮಾತೇ ಮಾತು. ಪಸ್ತಾಪುರದ ಕಡೆ ತಿರುಗಾಡಲು ಕರೆದೊಯ್ದರು. ಮಲ್ಲಿಗೆಯ ದಂಡೆ ತಂದರು. ನಾಲ್ಕನೆಯ ದಿನ ಕೇಳಿದರು.

"ಐದು ವರ್ಷ ಬಿಸಲಾಗ ತಿರಗೀನಿ ಕಾಂತಾ. ನಾ ತಂದ ಕಲ್ಲೆಲ್ಲ ಬ್ಯಾರೆಯವರ ಹೆಸರಿಲೆ ಹೈದರಾಬಾದಿಗಿ ಹೋಗ್ಯಾವ. ನನ್ನ ವರದಿ ಓದಿ ದೊಡ್ಡ ಸಾಹೇಬ ಎಲ್ಲಾರ ಮುಂದ ನಕ್ಕಾನ, ಇದು ಅರ್ಜಿನೋ ವರದಿನೋ ಅಂತ. ಒಂದು ಜಾಗ ನನ್ನ ಹೆಸರಿಲೆ ಆದ್ರ ಸಾಕು. ಎಲ್ಲಿ ಸಿಕ್ತು ಹೇಳು."

ಗಂಡನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಹೇಳಿದೆ, ಭೂದೇವಿ. ಮಣ್ಣು ಹೆಂಗಸರದ್ದಾಗಿಯೇ ಉಳಿಯಬೇಕೆಂದು ಷರತ್ತು ಹಾಕಿ ಹೇಳಿದೆ. ಇವರು ಕೊರಳ ಲಿಂಗ ಮುಟ್ಟಿ ಆಣೆ ಮಾಡಿದರು: "ಕುಣಿಗಿ ಯಾರೂ ಕೈ ಹಚ್ಚಾಂಗಿಲ್ಲ. ಕಲ್ಲಷ್ಟೇ."

ವರದಿಯನ್ನು ನಾನೇ ಬರೆದೆ. ಊರಿನ ಹೆಂಗಸರು ತಲೆಮಾರುಗಳಿಂದ ಈ ಮಣ್ಣು ಬಳಸುತ್ತಾರೆ, ಅವರ ಹಕ್ಕು ಕಾಯಬೇಕು ಎಂದು ಒಂದು ಸಾಲು ಸೇರಿಸಿದೆ. ಓದಿ ಹೇಳಿದಾಗ ಇವರು, "ಈ ಸಾಲು ಈಗ ಬ್ಯಾಡ. ಸಾಹೇಬಗ ಹೆಂಗಸರ ಮಾತು ಸೇರಾಂಗಿಲ್ಲ. ಆಮ್ಯಾಲ ಬ್ಯಾರೆ ಕಾಗದ ಹಾಕೂಣು" ಅಂದರು. ಹೊಡೆದುಹಾಕಿದೆ.

ಆಣೆ ಮಾಡಿದ್ದಾರೆ, ಕಾಯುತ್ತಾರೆ. ನೀನು ಏನೂ ಬರೆಯಬೇಡ. ನೀನು ಏನು ಬರೆಯುತ್ತೀ ಎಂಬುದು ನನಗೆ ಗೊತ್ತು.

ನಿನ್ನ,
ಕಾಂತಾ


ತಾಂಡೂರು
೧೮ ನವೆಂಬರ್ ೧೯೩೭

ಭೂದೇವಿ,

ಆರು ತಿಂಗಳ ಮೌನಕ್ಕೆ ಕ್ಷಮೆ ಕೇಳುವುದಿಲ್ಲ. ಕೇಳಬೇಕಾದ ಕ್ಷಮೆಗಳು ಬೇರೆ ಇವೆ, ನಿನ್ನದು ಅವುಗಳ ಹಿಂದೆ ನಿಲ್ಲಲಿ.

ಮೇಲೆ ಬರೆದ ಊರು ನೋಡಿ ನಿನಗೆ ತಿಳಿದಿರಬೇಕು. ಬಡ್ತಿಯಾಯಿತು. ಶಿವಶಂಕರಪ್ಪನವರು ಈಗ ಅಸಿಸ್ಟೆಂಟ್ ಸಾಹೇಬರು. ಪರಸಿ ಕಲ್ಲಿನ ಗಣಿಗಳ ಸರ್ವೆ ಪೂರ್ತಿ ಇವರ ಕೈಯಲ್ಲಿ. ನಾರಾಯಣಖೇಡದ ನೇರಳೆ ಹರಳಿನ ವರದಿಯನ್ನು ದೊಡ್ಡ ಸಾಹೇಬರು ಹೊಗಳಿದರಂತೆ, ಅದರ ಇಂಗ್ಲಿಷನ್ನು ವಿಶೇಷವಾಗಿ. ಮನೆಯ ನೆಲ, ಕಟ್ಟೆ, ಅಡಿಗೆಮನೆಯ ಒರಳಿನ ಸುತ್ತ, ಹಿತ್ತಿಲ ಗೋಡೆ, ಎಲ್ಲವೂ ಪರಸಿ. ರೊಟ್ಟಿಯ ಪಾಠದಲ್ಲಿ ಎಲ್ಲಕ್ಕಿಂತ ತಳದಲ್ಲಿದ್ದದ್ದು ಇದೇ. ಅಲ್ಲಿಗೆ ಬಂದು ಮುಟ್ಟಿದ್ದೇನೆ.

ಜುಲೈಯಲ್ಲಿ ಕುಣಿಯನ್ನು ಗುತ್ತೆಗೆ ಕೊಟ್ಟರು. ಸುತ್ತ ಮುಳ್ಳುತಂತಿ ಬಿಗಿದು ಒಬ್ಬ ಜವಾನನನ್ನು ನಿಲ್ಲಿಸಿದ್ದಾರೆ. ಕಲ್ಲು ತೆಗೆಯಲು ಮಣ್ಣು ತೆಗೆಯಲೇಬೇಕು. ಮಣ್ಣಿಗೂ ಹೊರಗೆ ಬೇಡಿಕೆ ಇದೆಯಂತೆ. ದಸರೆಯ ಮುಂಚೆ ಬುಟ್ಟಿ ಹಿಡಿದು ಹೋದ ಹೆಂಗಸರನ್ನು ಜವಾನ ಹಳ್ಳದವರೆಗೆ ಅಟ್ಟಿದ. ಇದನ್ನೆಲ್ಲ ನನಗೆ ಯಾರೂ ತಿಳಿಸಲಿಲ್ಲ. ಇವರಿಗೆ ಗೊತ್ತಿತ್ತು, ಹೇಳಲಿಲ್ಲ. ದೀಪಾವಳಿಯ ಅಳಿಯತನಕ್ಕೆ ತವರಿಗೆ ಹೋದಾಗಲೇ ನಾನು ಕಂಡದ್ದು.

ಆಯಿ ಬಾಗಿಲಲ್ಲಿ ಆರತಿ ಎತ್ತಿದಳು. ತಲೆಯ ಸೆರಗು ಸರಿ ಮಾಡಿಕೊಂಡು ಬಹಳ ಮರ್ಯಾದೆಯಿಂದ ಹೇಳಿದಳು: "ಬರ್ರಿ ಅಳಿಯದೇವ್ರ. ಪಡಸಾಲಿಗಿ ಕುಂದರ್ರಿ. ಗ್ವಾಡಿ ನೋಡ್ರಿ. ನಿಮಗ ಗ್ವಾಡಿ ಅಂದ್ರ ಬಾಳ ಪ್ರೀತಿ."

ಮಳೆಗಾಲದ ಕಲೆಗಳೆಲ್ಲ ಹಾಗೆಯೇ ಇದ್ದವು. ಊರಿನ ಯಾವ ಮನೆಯೂ ಬಿಳಿಯಾಗಿರಲಿಲ್ಲ. ಅಪ್ಪ ಪೇಟೆಯಿಂದ ಸುಣ್ಣ ತರಿಸಿದ್ದರಂತೆ. ಆಯಿ ಮುಟ್ಟಲು ಬಿಟ್ಟಿರಲಿಲ್ಲ. ನನ್ನ ಕೈ ಹಿಡಿದು ಅಡಿಗೆಮನೆಗೆ ಕರೆದೊಯ್ದಳು. ಒಲೆಯ ಹಿಂದೆ ಯುಗಾದಿಯ ದಿನದ ನನ್ನ ಕೈಗುರುತು ಹೊಗೆಯಲ್ಲಿ ಕಂದಿ ಕೂತಿತ್ತು, ಐದು ಬೆರಳೂ ಸ್ಪಷ್ಟವಾಗಿ.

"ಎಲ್ಲಾರ ಕೈನೂ ಒಳಗ ಹೋಗ್ಯಾವ. ನಿಂದೊಂದು ಹಂಗೇ ಉಳೀತು ನೋಡು" ಎಂದಳು. ಬೈಯಲಿಲ್ಲ, ಅತ್ತಳೂ ಇಲ್ಲ. ಹೋಳಿಗೆ ಬಡಿಸಿದಳು.

ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ. ಲಿಂಗ ಮುಟ್ಟಿದ್ದು ನೆನಪಿದೆಯೇ ಎಂದು ಎಲ್ಲರ ಎದುರು ಕೇಳಿದೆ. ಶಿವಶಂಕರಪ್ಪನವರು ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಗುತ್ತೆ ಕೊಟ್ಟಾಂವ ನಾ ಅಲ್ಲ, ಸರ್ಕಾರ. ಐದು ವರ್ಷಕ್ಕ ನನಗ ಒಂದು ಜಾಗ ಸಿಕ್ಕದ. ಅದನ್ನ ಗ್ವಾಡಿ ಬಳಿಯಾಕ ಬಿಡು ಅಂದ್ರ ಹ್ಯಾಂಗ?" ಅಂದರು. ಅಪ್ಪ ತುಪ್ಪದ ಗಿಂಡಿ ಮುಂದೆ ಸರಿಸಿದರು. ಅಳಿಯ ಅಲ್ಲವೇ.

ಮರುದಿನ ಬೆಳಿಗ್ಗೆ ಒಬ್ಬಳೇ ಕುಣಿಗೆ ನಡೆದು ಹೋದೆ. ಅಸಿಸ್ಟೆಂಟ್ ಸಾಹೇಬರ ಹೆಂಡತಿಯೆಂದು ಜವಾನ ಸಲಾಮು ಹೊಡೆದು ತಂತಿ ಎತ್ತಿದ. ಅಂಥ ಮರ್ಯಾದೆ ನನಗೆ ಯಾವತ್ತೂ ಇಷ್ಟು ಚುಚ್ಚಿರಲಿಲ್ಲ. ಸಣ್ಣ ಬಾಯಿ ಇದ್ದಲ್ಲಿ ಈಗ ಬಾವಿಯಷ್ಟು ಹಳ್ಳ. ಬಿಸಿಲಲ್ಲಿ ಏಳೆಂಟು ಹೆಂಗಸರು ಕೂತು ಗುಂಡುಕಲ್ಲು ಒಡೆಯುತ್ತಿದ್ದರು, ಗುತ್ತೇದಾರನ ಕೂಲಿಗೆ. ಕೊನೆಯಲ್ಲಿ ಸಾಯಮ್ಮ. ಬಲಗಣ್ಣಿಗೆ ಬಟ್ಟೆ ಕಟ್ಟಿತ್ತು, ಕಲ್ಲಿನ ಚೂರು ಸಿಡಿದಿತ್ತಂತೆ.

ನನ್ನನ್ನು ಕಂಡು ಎದ್ದು ನಿಂತಳು. ಕೂರು ಎಂದರೆ ಕೂರಲಿಲ್ಲ.

"ಸಾಯಮ್ಮ, ನಾ ಮಣ್ಣಿನ ಮಾತು ಹೇಳಿರಲಿಲ್ಲ. ಕಲ್ಲು ಕೊಟ್ಟೆ, ಅಷ್ಟೇ" ಎಂದೆ. ಇಷ್ಟು ದಿನ ನನಗೆ ನಾನೇ ಹೇಳಿಕೊಂಡದ್ದು ಬಾಯಿಗೆ ಬಂತು. ಹೊರಗೆ ಆಡಿದ ಮೇಲೆ ಅದು ಎಷ್ಟು ಕೀಳಾಗಿ ಕೇಳಿಸಿತೆಂದು ನಿನಗೆ ಹೇಗೆ ತಿಳಿಸಲಿ.

ಅವಳು ಹೇಳಿದಳು: "ಹೌದ್ರಿ ಸಣ್ಣವ್ವಾರೆ. ಅದು ನನ್ನ ತಪ್ಪರಿ. ಕಲ್ಲಿಂದೂ ಆಣಿ ತಗೋಬೇಕಾಗಿತ್ತು. ಕಸ ಅಂತ ಬಿಟ್ಟೆ." ಆಮೇಲೆ ಕೇಳಿದಳು, "ಅಳದ್ರೇನ್ರಿ, ನಿಮ್ಮವರು?"

ಅಳೆದಿದ್ದರು. ಉದ್ದ, ಅಗಲ, ಆಳ. ಆ ಅಂಕಿಗಳನ್ನು ವರದಿಗೆ ಇಳಿಸಿದ್ದೂ ನಾನೇ, ಹಕ್ಕಿನ ಸಾಲನ್ನು ಹೊಡೆದದ್ದೂ ನನ್ನದೇ ಪೆನ್ನು. ಅವಳ ಕಣ್ಣಿಗೆ ಔಷಧಿ ಕಳಿಸುತ್ತೇನೆ ಎಂದೆ. "ಕಳಸ್ರಿ" ಎಂದಳು. ಗುತ್ತೇದಾರನ ಮನುಷ್ಯ ಕೂಗಿದ, ಕೂತು ಸುತ್ತಿಗೆ ಎತ್ತಿಕೊಂಡಳು.

ಚೂರು ಸಿಡಿದ ಕಣ್ಣಿಗೆ ಏನು ಹಾಕಬೇಕು, ಅದನ್ನು ನೀನು ಬರೆದು ತಿಳಿಸು. ಈ ಪತ್ರದಲ್ಲಿ ನಿನ್ನಿಂದ ಬೇಕಾದದ್ದು ಅದೊಂದೇ. ಸಮಾಧಾನದ ಮಾತು ಬೇಡ.

ಇವರಿಗೆ ಬೇಕಿದ್ದದ್ದು ನನ್ನ ಇಂಗ್ಲಿಷ್ ಎಂದು ಈಗ ಗೊತ್ತಿದೆ. ಹೋಗಲಿ. ಕಷ್ಟಪಟ್ಟು ಕಲಿತದ್ದನ್ನು ಬಯಸಿ ಒಬ್ಬ ಬಂದ ಎಂದುಕೊಂಡರೆ ದಿನ ಕಳೆಯಬಹುದು. ಎಷ್ಟೋ ಹೆಂಡತಿಯರಿಗೆ ಅಷ್ಟೂ ಇಲ್ಲ.

ನೀನು ಮದುವೆಗೆ ಒಪ್ಪಬೇಡ ಎನ್ನುವುದಿಲ್ಲ. ನಿನ್ನ ಓದು ಮುಗಿಯಲಿ, ನಿನ್ನ ಕೈಗುಣ ಹೆಸರಾಗಲಿ. ನಿನ್ನ ಮನೆಯ ಗೋಡೆಗಳು ಸದಾ ಬೆಳ್ಳಗಿರಲಿ.

ಕಾಂತಾಬಾಯಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ.

ನಾರಾಯಣಖೇಡದ ನಮೂನೆಗಳೆಲ್ಲ ಹೈದರಾಬಾದಿಗೆ ಹೋಗಬೇಕಾಗಿತ್ತು. ಉರ್ದು ಚೀಟಿಗಳನ್ನು ಇಂಗ್ಲಿಷಿಗೆ ಇಳಿಸಿ ಹಚ್ಚು ಎಂದು ಹೇಳಿ ಇವರು ಗಣಿಗೆ ಹೋದರು. ಮೊದಲೆಲ್ಲ ತಾವೇ ಓದಿ ಹೇಳುತ್ತಿದ್ದರು. ಈಗ ನಾನು ಆ ಲಿಪಿಯನ್ನು ಎಷ್ಟು ಚೆನ್ನಾಗಿ ಓದಬಲ್ಲೆನೆಂದು ಅವರಿಗೆ ಅಂದಾಜಿಲ್ಲ, ಅಥವಾ ಚೀಟಿಯಲ್ಲಿ ಏನಿದೆ ಎಂಬುದನ್ನೇ ಮರೆತಿದ್ದಾರೆ. ನಾನು ತಂದ ನೇರಳೆ ಕಲ್ಲು ನಮೂನೆ ಮೂರು. ನಮೂನೆ ಎರಡರ ಚೀಟಿಯಲ್ಲಿ ನವೆಂಬರ್ ಹದಿನಾಲ್ಕು, ನಿಂಬೆಹುಳಿಗೆ ಗುಳ್ಳೆ ಏಳಲಿಲ್ಲ ಎಂದಿದೆ. ನಮೂನೆ ಒಂದು ಆ ಹಳೆಯ ಪೊಟ್ಟಣ. ಅದರ ತಾರೀಖು ೨೦ ಅಕ್ಟೋಬರ್ ೧೯೩೬. ನಮ್ಮ ಪಡಸಾಲೆಯಲ್ಲಿ ನೀರು ಕುಡಿದು ಹೋದ ದಿನ. ಚೀಟಿಯನ್ನು ಹಾಗೆಯೇ ಬರೆಯುತ್ತೇನೆ:

"ಬಿಳಿ ಜೇಡಿಮಣ್ಣು. ನಾರಾಯಣಖೇಡ, ಮಾಣಿಕಪ್ಪ ಎಂಬುವರ ಮನೆಯ ಪಡಸಾಲೆ ಗೋಡೆ. ಎಲ್ಲಿಂದ ತರುತ್ತಾರೆಂದು ಹೆಂಗಸರಿಗೆ ಮಾತ್ರ ಗೊತ್ತು, ಹೊರಗಿನವರಿಗೆ ಹೇಳುವುದಿಲ್ಲ. ಮನೆಯಲ್ಲಿ ಮದುವೆಯಾಗದ ಮಗಳಿದ್ದಾಳೆ."

ಇಂಗ್ಲಿಷ್ ಕೂಡ ಅಲ್ಲ, ಭೂದೇವಿ.

ಕೂತು ಅದನ್ನು ಇಂಗ್ಲಿಷಿಗೆ ಇಳಿಸಿದೆ, ಮೇಡಂ ಮೆಚ್ಚುತ್ತಿದ್ದ ದುಂಡು ಅಕ್ಷರದಲ್ಲಿ. ಈ ಸಲ ಯಾವ ಸಾಲನ್ನೂ ಹೊಡೆಯಲಿಲ್ಲ. ಮಗಳು ಎಂಬಲ್ಲಿ ಹೆಸರಿರಲಿಲ್ಲ, ಅದನ್ನು ಸೇರಿಸಿದೆ. ಪೆಟ್ಟಿಗೆ ಇವತ್ತು ಬೆಳಿಗ್ಗೆಯ ರೈಲಿಗೆ ದೊಡ್ಡ ಸಾಹೇಬರ ಹೆಸರಿಗೆ ಹೋಯಿತು.